ಕೆಚ್ಚಲಿನ ಹಾಲು

ನವೆಂಬರ್ ೪, ಮಂಗಳವಾರ

ಎಷ್ಟು ತೊಳೆದರೂ ಕೈಯಿಂದ ಹಾಲಿನ ವಾಸನೆ ಹೋಗುತ್ತಿಲ್ಲ.

ಬೇಟೆಗೆ ಬಂದವರಿಗೆ ದಾರಿ, ಗುರಿ ತೋರಿಸುವುದು ನನ್ನ ಕೆಲಸ; ಆ ಹೆಣ್ಣು ಜಿಂಕೆಯನ್ನು ತೋರಿಸಿದವನೂ ನಾನೇ. "ಅಲ್ಲಿ ಒಂಟಿಯಾಗಿದೆಯಲ್ಲ, ಆ ಮುದುಕಿ ನೋಡಿ ಸರ್. ಮರಿ ಇಲ್ಲ, ಈ ಚಳಿಗಾಲ ದಾಟಲ್ಲ. ಅದನ್ನೇ ಹೊಡೀರಿ." ಲಂಡನ್ನಿನ ಅತಿಥಿ ಹಾರ್ಗ್ರೀವ್ಸ್ ಒಂದೇ ಗುಂಡಿಗೆ ಕೆಡವಿದರು. ಹೊಟ್ಟೆ ಸೀಳಲು ಬಗ್ಗಿದೆ. ಕೆಚ್ಚಲಿನಿಂದ ಬೆಚ್ಚಗಿನ ಹಾಲು ಕೈಮೇಲೆ ಇಳಿಯಿತು.

"ಏನಾಯ್ತು, ಟಾರ್ಕ್ವಿಲ್?"

"ಏನಿಲ್ಲ ಸರ್. ಒಳ್ಳೇ ಗುರಿ."

"ಗುರಿ ನಂದಿರಬಹುದು, ಕಣ್ಣು ನಿಮ್ದು."

ಇನ್ನು ಹತ್ತು ನಿಮಿಷ ದುರ್ಬೀನು ಹಿಡಿದಿದ್ದರೆ ಸಾಕಿತ್ತು, ಮರಿ ಕಾಣುತ್ತಿತ್ತು.

ತಾಯಿಯನ್ನು ಕೊಂದ ಮೇಲೆ ಮರಿಯನ್ನೂ ಕೊಲ್ಲಬೇಕು. ಸ್ಕಾಟ್ಲೆಂಡಿನ ಈ ಹೈಲ್ಯಾಂಡ್ ಬೆಟ್ಟಗಳ ಹಿಮದಲ್ಲಿ ಅದು ಹಸಿದು ಸಾಯಬಾರದು. ಅತಿಥಿಯನ್ನು ಕೆಳಗೆ ಕಳುಹಿಸಿ, ಕತ್ತಲಾಗುವವರೆಗೆ ಅಲ್ಲೇ ಕಾದೆ. ಮರಿ ಬರಲಿಲ್ಲ.

ತಾಯಿಯ ತೊಗಲನ್ನು ಸುಲಿದಿಟ್ಟಿದ್ದೇನೆ. ಬೆಳಗ್ಗೆ ಅದನ್ನು ಅದೇ ಜಾಗದಲ್ಲಿ ಹಾಸಿ, ಬಂದೂಕು ಹಿಡಿದು ಹೊಂಚುಹಾಕಿ ಮಲಗುತ್ತೇನೆ. ಆ ವಾಸನೆಯನ್ನು ನಂಬಿ ಮರಿ ಬರುತ್ತದೆ. ನಂಬಿ ಬರುತ್ತದಲ್ಲ, ಅದೇ…