ಅತ್ತಿಯವರು ಕಾರ್ಡ್ ಪರೀಕ್ಷಾ ಮಾಡಾಕ ಹೋಗ್ಯಾರ

ಏನ್ರೀ,

ನೀವು ಆಫೀಸಿಂದ ಬರೂದ್ರಾಗ ನಾನೂ ನಿಮ್ಮವ್ವನೂ ಹೈಟೆಕ್ ಸಿಟಿ ಹೋಟೆಲಿನ್ಯಾಗ ಇರ್ತೀವಿ. ಹೆದರಬ್ಯಾಡ್ರಿ, ಜಗಳಾಡಿ ಹೋಗಿಲ್ಲ. ನಿಮ್ಮ ಹೋಟೆಲ್ ಕ್ರೆಡಿಟ್ ಕಾರ್ಡಿನ ಮ್ಯಾಲೆ ವರ್ಷಕ್ಕೊಮ್ಮೆ ಹೋಟೆಲಿನ್ಯಾಗ ಒಂದು ರಾತ್ರಿ ಪುಕ್ಕಟ ಇರಾಕ ಕೊಡ್ತಾರಲ್ಲ, ಅದರ ಅವಧಿ ಇವತ್ತಿಗೆ ಮುಗಿತೈತಿ. ನೀವು ಪ್ರತಿ ವರ್ಷ ‘ಗೋವಾಕ್ಕ ಹೋದಾಗ ಬಳಸೋಣು’ ಅಂತ ಅದನ್ನ ಹಾಳ ಮಾಡ್ತೀರಿ. ಆಮ್ಯಾಲೆ ‘ಈ ಕಾರ್ಡ್ ದಂಡ, ಬಂದ್ ಮಾಡ್ತೀನಿ’ ಅಂತ ನನ್ನ ಮ್ಯಾಲೆ ಹಾರಾಡ್ತೀರಿ.

ಅದಕ್ಕ ಈ ಸಲ ತೀರ್ಪು ಅತ್ತಿಯವರದು. ನಸುಕಿನ್ಯಾಗ ಲಿಂಗಪೂಜಾಕ್ಕ ಮೊದಲು ಜಳಕಕ್ಕ ಸುಡುಸುಡು ನೀರು ಬಂದ್ರ ಕಾರ್ಡ್ ಇಟ್ಕೋಬೇಕಂತ, ಇಲ್ಲಂದ್ರ ಬಂದ್ ಮಾಡಬೇಕಂತ. ವಿಭೂತಿ, ಶೇಂಗಾ ಚಟ್ನಿ ಎರಡೂ ಬ್ಯಾಗಿನ್ಯಾಗ ಹಾಕ್ಕೊಂಡಾರ.

ನೀವು ಬಂದ್ ಮಾಡ್ತೀನಿ ಅಂದಿದ್ದಕ್ಕ ಸಂಜಿಗೆ ಬ್ಯಾಂಕಿನವರು ಕಾರ್ಡ್ ಇಟ್ಕೋತೀರೋ ಬಿಡ್ತೀರೋ ಅಂತ ಫೋನ್ ಮಾಡ್ತಾರ. ‘ನಮ್ಮವ್ವನ ಜಳಕ ಇನ್ನೂ ಆಗಿಲ್ಲ, ನಾಳೆ ಕೇಳ್ರಿ’ ಅನ್ರಿ.

ಕುಕ್ಕರಿನ್ಯಾಗ ಅನ್ನ ಐತಿ, ಸಾರು ಬಿಸಿ ಮಾಡ್ಕೋರಿ. ಮೆಟ್ರೋ ಹತ್ತಿ ನಮ್ಮ ಹಿಂದ ಬರಬ್ಯಾಡ್ರಿ, ನಾಷ್ಟಾ ಇಬ್ಬರಿಗಷ್ಟ ಪುಕ್ಕಟ.

ಮತ್ತ, ದೀಪಾವಳಿಯಿಂದ ಕೆಟ್ಟು ನಿಂತ ನಮ್ಮ ಗೀಸರ್ ಇವತ್ತರ ರಿಪೇರಿ ಮಾಡಸ್ರಿ. ಅಲ್ಲಿ ನೀರು ಬಿಸಿ ಬಂತಂದ್ರ ನಿಮ್ಮವ್ವ ವಾಪಸ್ ಬರೂದಕ್ಕ ನಾನು ಜವಾಬ್ದಾರಿ ಅಲ್ಲ.

ವಿಜಯಶ್ರೀ