ಯೋ ಅಂದರೆ ಯಾರು?

ಅಕ್ಟೋಬರ್ 6, ಮಧ್ಯಾಹ್ನ

ಮತ್ತೆ ಎರರ್. ನಲವತ್ತೊಂದನೇ ಸಾಲು. ಕನ್ನಡಕ ಒರೆಸಿಕೊಂಡು ನೋಡಿದರೂ ತಪ್ಪು ಕಾಣಲಿಲ್ಲ. ಕಡೆಗೆ ಗೊತ್ತಾಯಿತು — ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂತಿದೆ. ನನ್ನ ಕಣ್ಣಿಗೆ ಎರಡೂ ಒಂದೇ ಗುಂಡು. ಸಾಫ್ಟ್‌ವೇರ್‌ಗೆ ಮಾತ್ರ ಅಜಗಜಾಂತರ.

ಚರ್ಚಿನ ಆಫೀಸಿನಲ್ಲಿ ಟೈಪ್ ಮಾಡಿಕೊಂಡು ನೆಮ್ಮದಿಯಾಗಿದ್ದವಳು ನಾನು. ಪಾಸ್ಟರಿಗೆ ಬೈಬಲ್ ಅಧ್ಯಯನದ ಆ್ಯಪ್ ಹುಚ್ಚು ಹಿಡಿಯಿತು. ದಿನಕ್ಕೊಂದು ಅಧ್ಯಾಯ, ಅದರ ಪಟ್ಟಿ ಜೋಡಿಸುವುದು ನನ್ನ ಪಾಲು. ಒಂದೊಂದು ಸಾಲಿನಲ್ಲಿ ತಾರೀಖು, ಪುಸ್ತಕದ ಚುಟುಕು ಹೆಸರು, ಅಧ್ಯಾಯದ ಸಂಖ್ಯೆ. "ನಿಮ್ಗೆ ಇದು ನೀರು ಕುಡಿದಷ್ಟು ಸುಲಭ ಸಿಸ್ಟರ್," ಎಂದರು. ಹೌದು. ನೆತ್ತಿಗೇರುವ ನೀರು.

ಅಕ್ಟೋಬರ್ 8

ಯೆಶಾಯನನ್ನು ಕರೆದರೆ ಯೆಹೋಶುವ ಬಂದು ನಿಂತ! ಆ್ಯಪ್ ಬರೆದ ಪ್ರೋಗ್ರಾಮರ್ ಹುಡುಗನಿಗೆ ಫೋನ್ ಮಾಡಿ ಜಾಡಿಸಿದೆ.

"ನೀವು ಬರೀ 'ಯೆ' ಅಂತ ಹಾಕಿದ್ದೀರಲ್ಲ ಮೇಡಂ. ಚುಟುಕು ಹೆಸರು ಪೂರ್ತಿ ಇಲ್ದಿದ್ರೆ, ಆ ಅಕ್ಷರದಿಂದ ಮೊದ್ಲು ಸಿಕ್ಕಿದ ಪುಸ್ತಕಾನ ಅದು ಹಿಡ್ಕೊಳ್ಳತ್ತೆ."

"ಎರರ್ ತೋರ್ಸಬಾರದಾ? ಅನುಸ್ವಾರಕ್ಕೆ ಅಷ್ಟು ಕೂಗಾಡ್ತಿತ್ತಲ್ಲ?"

"ಅದು ಮುಂದಿನ ವರ್ಷನ್‌ನಲ್ಲಿ ಮೇಡಂ."

ಬೈಬಲ್‌ನಲ್ಲಿ ಯಕಾರದವರ ದಂಡೇ ಇದೆ. ಯೆಹೋಶುವ, ಯೆಶಾಯ, ಯೆರೆಮೀಯ, ಯೆಹೆಜ್ಕೇಲ. ಆಮೇಲೆ ಯೋಬ, ಯೋವೇಲ, ಯೋನ, ಯೋಹಾನ. ಅವರ ತಾಯಂದಿರಿಗೆ ಬೇರೆ ಅಕ್ಷರ ಹೊಳೆಯಲೇ ಇಲ್ಲವೇ...

ಅಕ್ಟೋಬರ್ 15, ಸಂಜೆ

ಅಣ್ಣನ ಮನೆಗೆ ಬೀಗಿತ್ತಿ ಬಂದಿದ್ದರು. ಅವನ ಮಗಳು ಪುಟ್ಟಿಯ ಅತ್ತೆಯಾಗಲಿರುವವರು. ನಿವೃತ್ತ ಹೆಡ್‌ಮಿಸ್ — ಬಾಗಿಲು ದಾಟಿದೊಡನೆ ಅಣ್ಣನೇ ಎದ್ದು ನಿಂತ. ಮದುವೆಗೆ ಹಾಲ್ ಸಿಕ್ಕಿರುವುದು ನವೆಂಬರ್ ಹದಿನಾಲ್ಕು, ಶನಿವಾರ ಮಾತ್ರ. ಮರುದಿನ ಅವರ ಅರವತ್ತನೇ ಹುಟ್ಟುಹಬ್ಬ, ನೆಂಟರೆಲ್ಲ ಇರುತ್ತಾರೆ, ಒಳ್ಳೆಯದೇ ಆಯಿತು ಎಂದರು. ಎಲ್ಲ ಸರಿ ಹೋಯಿತು ಅಂದುಕೊಂಡು ನಾನು ಬಿಸ್ಕತ್ತಿಗೆ ಕೈ ಹಾಕಿದೆ.

"ನಿಮ್ಮ ಆ್ಯಪ್‌ನಲ್ಲಿ ಆ ದಿನಕ್ಕೆ ಯಾವ ಅಧ್ಯಾಯ ಬರತ್ತೆ?" ನನ್ನನ್ನೇ ಕೇಳಿದರು.

ಬಿಸ್ಕತ್ತು ತಟ್ಟೆಗೇ ವಾಪಸಾಯಿತು. ಆ ದಿನದ ಅಧ್ಯಾಯವೇ ಆ ದಿನಕ್ಕೆ ದೇವರ ಮಾತು ಎಂದು ನಂಬುವ ಹೆಂಗಸು. ಹಿರಿಯ ಮಗನ ನಿಶ್ಚಿತಾರ್ಥ ಮುರಿದದ್ದೂ ಇದೇ ಕಾರಣಕ್ಕೆ. ಹದಿನಾಲ್ಕಕ್ಕೆ ನಾನು ಇಟ್ಟಿರುವುದು ಪ್ರಲಾಪಗಳು, ಪುಸ್ತಕದ ತುಂಬ ಬರೀ ಗೋಳು!

"ಇನ್ನೂ ಜೋಡಿಸ್ತಾ ಇದ್ದೀನಿ," ಎಂದೆ.

"ಹಾಗಿದ್ರೆ ಈಗ ಹೇಳ್ಬೇಡಿ. ಅವತ್ತು ಬೆಳಿಗ್ಗೆ ನಾನೇ ತೆಗೆದು ನೋಡ್ತೀನಿ. ದೇವರು ಬೇಡ ಅಂದ್ರೆ ಬೇಡ."

ಪುಟ್ಟಿಯ ಮುಖ ಬಿಳುಚಿತು. ಆ ಹುಡುಗನಿಗಾಗಿ ನಾಲ್ಕು ವರ್ಷ ಕಾದಿದ್ದಾಳೆ. ತಾಯಿಯಿಲ್ಲದ ಮಗು, ನನ್ನ ಮಡಿಲಲ್ಲಿ ಬೆಳೆದವಳು. ಹೋಗುವಾಗ ಕಿವಿಯಲ್ಲಿ ಅಂದಳು, "ಅತ್ತೆ, ಏನಾದ್ರೂ ಮಾಡು."

ಅಕ್ಟೋಬರ್ 16

ಮಾಡಿದೆ.

ಪ್ರಲಾಪಗಳನ್ನು ಎತ್ತಿ ಡಿಸೆಂಬರಿಗೆ ಹಾಕಿದೆ. ಆ ಜಾಗಕ್ಕೆ ಯೋಹಾನ. ಹದಿಮೂರಕ್ಕೆ ಒಂದನೇ ಅಧ್ಯಾಯ, ಹದಿನಾಲ್ಕಕ್ಕೆ ಎರಡನೆಯದು — ಕಾನಾ ಊರಿನ ಮದುವೆ, ನೀರು ದ್ರಾಕ್ಷಾರಸವಾದದ್ದು. ಇದಕ್ಕಿಂತ ಶುಭ ಬೇಕೇ? ದೇವರ ವಾಕ್ಯವನ್ನೇನೂ ನಾನು ತಿದ್ದಿಲ್ಲ. ತಾರೀಖು ಮಾತ್ರ.

ಐದು ಗಂಟೆಯೊಳಗೆ ಫೈಲ್ ಕಳಿಸಬೇಕಿತ್ತು, ಅತ್ತ ಪುಟ್ಟಿಯದು ಟೈಲರ್ ಅಂಗಡಿಯಿಂದ ಒಂದೇ ಸಮನೆ ಫೋನ್. ಮೊದಲ ಸಾಲಿಗೆ 'ಯೋಹಾ' ಎಂದು ನೀಟಾಗಿ ಬರೆದೆ. ಉಳಿದವಕ್ಕೆ 'ಯೋ' ಸಾಕು, ಮೇಲಿನ ಸಾಲು ನೋಡಿ ಯಾರು ಅಂತ ಅದಕ್ಕೂ ಗೊತ್ತಾಗುತ್ತದೆ. ಒಂದೂ ಎರರ್ ಬರಲಿಲ್ಲ. ನಾನೂ ಪಳಗಿದೆ.

ನವೆಂಬರ್ 13, ಬೆಳಿಗ್ಗೆ

ಇಷ್ಟು ದಿನ ಬರೆಯಲು ಪುರುಸೊತ್ತಿಲ್ಲ. ಹೂವು, ಕೇಕು, ಅಣ್ಣನ ಬಿಪಿ.

ಎದ್ದೊಡನೆ ಆ್ಯಪ್ ತೆಗೆದೆ. ಯೋಹಾನ, ಒಂದನೇ ಅಧ್ಯಾಯ. ಎಷ್ಟು ಚೆನ್ನಾಗಿ ಕೂತಿದೆ! ನಾಳೆ ಕಾನಾ. ಎಲ್ಲರೂ ಉಗುರು ಕಚ್ಚುತ್ತಿದ್ದಾರೆ, ನಾನೊಬ್ಬಳು ಹಾಯಾಗಿ ಎರಡನೇ ಕಾಫಿ ಕುಡಿದೆ.

ನವೆಂಬರ್ 14, ಸಂಜೆ 5:30

ಕಾಲು ಬಿಸಿನೀರಿನಲ್ಲಿದೆ. ಬರೆದುಬಿಡುತ್ತೇನೆ.

ಬೆಳಿಗ್ಗೆ ಚರ್ಚಿನ ಪಕ್ಕದ ಕೋಣೆ. ಪುಟ್ಟಿ ಬಿಳಿ ಬಟ್ಟೆಯಲ್ಲಿ, ಅಣ್ಣ ಬಿಗಿಯಾದ ಕೋಟಿನಲ್ಲಿ. ಬೀಗಿತ್ತಿ ಕನ್ನಡಕ ಹಾಕಿ ಫೋನ್ ತೆಗೆದು ಗಟ್ಟಿಯಾಗಿ ಓದತೊಡಗಿದರು. ನಾನು ಆಗಲೇ ಮುಗುಳ್ನಗೆ ಸಿದ್ಧ ಮಾಡಿಕೊಂಡಿದ್ದೆ.

ಯೋಬ. ಎರಡನೇ ಅಧ್ಯಾಯ.

ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣು. ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಕೆರೆದುಕೊಳ್ಳುವ ಗಂಡ. ದೇವರನ್ನು ಶಪಿಸಿ ಸತ್ತುಹೋಗು ಎನ್ನುವ ಹೆಂಡತಿ. ಒಂದನ್ನೂ ಬಿಡದೆ ಓದಿದರು, ಹೆಡ್‌ಮಿಸ್ ಅಲ್ಲವೇ. ಅಣ್ಣ ನನ್ನತ್ತ ತಿರುಗಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪುಟ್ಟಿಯ ಬದುಕನ್ನು ನನ್ನ ಕೈಯಾರೆ ಕೆಡಿಸಿಬಿಟ್ಟೆ.

ಬೀಗಿತ್ತಿ ಕನ್ನಡಕ ತೆಗೆದರು.

"ನಮ್ಮೆಜಮಾನ್ರು ಮೂರು ವರ್ಷ ಹಾಸಿಗೆ ಹಿಡಿದಿದ್ರು. ಒಂದಿನ ಬೇಸತ್ತು ನಾನೂ ಹೀಗೇ ಅಂದುಬಿಟ್ಟೆ, ಸತ್ತಾದ್ರೂ ಹೋಗಿ ಅಂತ. ಅವ್ರು ನಕ್ರು. 'ಮೊದ್ಲು ಗಂಜಿ ಕೊಡೆ' ಅಂದ್ರು." ಪುಟ್ಟಿಯತ್ತ ತಿರುಗಿದರು. "ಕೇಳಿಸ್ಕೋಮ್ಮ. ನನ್ನ ಮಗನ ಜತೆ ಇರ್ತೀನಿ ಅಂದ್ರೆ ಇಂಥ ದಿನಾನೂ ಸೇರಿಸಿ. ಒಪ್ಪಿಗೆನಾ?"

"ಒಪ್ಪಿಗೆ," ಪುಟ್ಟಿ ಕಣ್ಣೊರೆಸಿಕೊಂಡಳು. "ಆದ್ರೆ ಕೆರ್ಕೊಳ್ಳೋದು ಅವ್ರೇ ಕೆರ್ಕೋಬೇಕು."

ಆ ಹೆಂಗಸು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ಪುಟ್ಟಿಯನ್ನು ಬಾಚಿ ತಬ್ಬಿಕೊಂಡರು. ನಾನು ಮೂಲೆಯಲ್ಲಿ ನಿಂತು ಮಗುವಿನ ಹಾಗೆ ಅತ್ತೆ. ಆಮೇಲೆ ಬೀಗಿತ್ತಿ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ ಅಂದರು, "ನಿಮ್ಮ ಮೇಲೆ ನಂಗೆ ಅನುಮಾನ ಇತ್ತು. ಕಾನಾ ಊರಿನ ಮದುವೆ ಬಂದಿದ್ರೆ ನಿಮ್ಮದೇ ಕೈವಾಡ ಅಂತ ಅಲ್ಲೇ ನಿಲ್ಲಿಸಿಬಿಡ್ತಿದ್ದೆ. ಇದನ್ನ ಮನುಷ್ಯರು ಯಾರೂ ಮದುವೆಗೆ ಇಡಲ್ಲ."

ಇಡುತ್ತಾರೆ. ಟೈಲರ್ ಅಂಗಡಿಯಿಂದ ಫೋನ್ ಬರುತ್ತಿದ್ದರೆ ಇಡುತ್ತಾರೆ.

ಪ್ರೋಗ್ರಾಮರ್ ಹುಡುಗ ಕೇಕ್ ತಿನ್ನುತ್ತಾ ಪಕ್ಕಕ್ಕೆ ಬಂದ. "ಯೋ ಅಂತ ಹಾಕಿದ್ರಲ್ಲ ಮೇಡಂ, ಮೊದ್ಲು ಸಿಗೋದು ಯೋಬ. ಉಳಿದಿದ್ದೂ ಹಾಗೇ ಇದೆ. ಸರಿ ಮಾಡ್ಲಾ?"

"ಮುಟ್ಟಿದ್ರೆ ನೋಡು! ದೇವರೇ ಇಟ್ಟಿದ್ದು," ಎಂದೆ.

ಅದೇ ದಿನ, 6:40

ಬೀಗಿತ್ತಿಯ ಫೋನ್ ಬಂದಿತ್ತು. ದನಿಯಲ್ಲಿ ಸಕ್ಕರೆ. ನಾಳೆ ಹುಟ್ಟುಹಬ್ಬಕ್ಕೆ ಬರಲೇಬೇಕಂತೆ. ಕೇಕ್ ಕತ್ತರಿಸುವ ಮೊದಲು ನಾಳಿನ ಅಧ್ಯಾಯವನ್ನು ನೆಂಟರೆಲ್ಲರ ಎದುರು ಗಟ್ಟಿಯಾಗಿ ಓದಬೇಕಂತೆ. ನಾನೇ ಓದಬೇಕಂತೆ. ಖುಷಿಯಿಂದ ಒಪ್ಪಿಕೊಂಡೆ. ಒಂದು ಸಲ ಓದಿ ರೂಢಿ ಮಾಡಿಕೊಳ್ಳೋಣ ಎಂದು ಬೈಬಲ್ ತೆಗೆದೆ.

ಯೋಬ, ಮೂರನೇ ಅಧ್ಯಾಯ. ತಾನು ಹುಟ್ಟಿದ ದಿನಕ್ಕೆ ಶಾಪ ಹಾಕುತ್ತಾನೆ. ಮೊದಲಿನಿಂದ ಕೊನೆಯವರೆಗೆ ಅದೇ ಕೆಲಸ.

ಪ್ರೋಗ್ರಾಮರ್ ಹುಡುಗನ ಫೋನ್ ಬಿಜಿ. ಮತ್ತೆ ಬಿಜಿ. ಬಿಸಿನೀರು ತಣ್ಣಗಾಯಿತು. ಎತ್ತಿದೊಡನೆ ಗಾಬರಿಯಲ್ಲಿ ಮರೆಯದ ಹಾಗೆ ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ: ಹದಿನೈದನೇ ತಾರೀಖು, ಯೋ ಪಕ್ಕದಲ್ಲಿ ಒಂದು ಹಾ — ರಿಂಗ್ ಆಗುತ್ತಿದೆ — ಒಂದೇ ಒಂದು ಹಾ...