ಅಕ್ಕನ ಲ್ಯಾಪ್‌ಟಾಪಿಗೆ ಪೂಜೆ

ಅಕ್ಕಾ,

ನೀನಿಲ್ಲದ ಮೊದಲ ಆಯುಧಪೂಜೆ, ನಮ್ಮ ಖಂಡೇಪೂಜೆ, ಇವತ್ತು. ಕಮಲಾಪುರದಿಂದ ನಿನ್ನ ಮಗಳು ಸೃಷ್ಟಿ ನಿನ್ನ ಹೊಲಿಗೆ ಮಷಿನ್ನನ್ನೂ ಲ್ಯಾಪ್‌ಟಾಪನ್ನೂ ಗಾಜಿಪುರದ ನನ್ನ ಮನೆಗೆ ತಂದಳು. "ಚಿಗವ್ವ, ಅವ್ವನ ಸಾಮಾನಕ್ಕ ಈ ಸಲ ನೀನೇ ಪೂಜಿ ಮಾಡು" ಎಂದಳು.

ಹೋದ ದಸರೆ ಮುಗಿದ ಮೇಲೆ ವಿಡಿಯೋ ಕರೆಯಲ್ಲಿ ನಿನ್ನ ದನಿಯಷ್ಟೇ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ನನ್ನ ಕಂಪ್ಯೂಟರು ಲಿನಕ್ಸ್, ನಿನ್ನದು ವಿಂಡೋಸ್. ಅವೆರಡಕ್ಕೂ ಹೊಂದುತ್ತಿಲ್ಲವೆಂದು ನಿನ್ನಿಂದ ಏನೇನೋ ಒತ್ತಿಸಿದೆ. ಕ್ಯಾಮರಾಕ್ಕೆ ಅನುಮತಿ ಕೊಡಿಸಿದೆ, ಆ್ಯಪ್ ತೆಗೆಸಿ ಮತ್ತೆ ಹಾಕಿಸಿದೆ. ಕಡೆಗೆ ನೀನು, "ನಿನ್ನ ಮಾರಿ ನನಗ ಕಾಣ್ತದಲ್ಲ, ಅಷ್ಟು ಸಾಕು ಬಿಡವಾ" ಎಂದೆ.

"ಬರೂ ಐತಾರ ನಾನೇ ಬಂದು ನೋಡ್ತೀನಿ" ಎಂದೆ ನಾನು. ಆ ಭಾನುವಾರ ಬರುವ ಮೊದಲೇ ನೀನು ಹೋಗಿಬಿಟ್ಟೆ.

ಇವತ್ತು ಪೂಜೆಗೆಂದು ಒರೆಸುವಾಗ ಕಂಡಿತು. ಪರದೆಯ ಮೇಲಂಚಿನ ನಟ್ಟನಡುವೆ, ಸರಿಯಾಗಿ ಕ್ಯಾಮರಾದ ಮೇಲೆಯೇ, ನೀನು ಇಟ್ಟಿದ್ದ ಕುಂಕುಮ ಒಣಗಿ ಕೂತಿತ್ತು. ಹೋದ ಖಂಡೇಪೂಜೆಯಲ್ಲಿ ನೀನು ಮಷಿನ್ನಿಗೆ ಇಟ್ಟ ಕೈಯಲ್ಲೇ ಇದಕ್ಕೂ ಇಟ್ಟಿದ್ದೆ. ನನಗೆ ನಗು ಬಂತು. ಒದ್ದೆ ಬಟ್ಟೆಯಿಂದ ಒರೆಸಿ, ನನ್ನ ಕಂಪ್ಯೂಟರಿನಿಂದ ಕರೆ ಹಚ್ಚಿ ನೋಡಿದೆ. ಚಿತ್ರ ತಕ್ಷಣ ಬಂತು. ನಮ್ಮ ಪಡಸಾಲೆ, ಕಿಟಕಿ, ನಿನ್ನ ಮಷಿನ್ನು, ಎಲ್ಲವೂ ಎಷ್ಟು ಸ್ವಚ್ಛವಾಗಿ ಕಾಣಿಸಿದವು!

ಆಮೇಲೆ ಹೊಸ ಕುಂಕುಮ ಇಟ್ಟೆ, ಅಕ್ಕಾ. ಕ್ಯಾಮರಾದಿಂದ ಒಂದು ಬೆರಳು ಪಕ್ಕಕ್ಕೆ.